ಕೊರಳಿಂದ ಕೊರಳಿಗೆ

ಕಮಲಾದೇವಿಯವರು ಅರವತ್ತು ತುಂಬುವವರೆಗೆ ಸಮುದ್ರ ದಾಟಿದವರಲ್ಲ. ದಾಟಲಾಗಲಿಲ್ಲವೆಂದು ಕೊರಗಿದವರೂ ಅಲ್ಲ. ಬನಶಂಕರಿ ಎರಡನೇ ಹಂತದಲ್ಲಿ ತಮ್ಮ ಸೋಮನಾಥನ ಮನೆಯ ಮಹಡಿ ಮೇಲೆ ಎರಡು ಕೋಣೆ, ಅಂಚೆ ಇಲಾಖೆಯಲ್ಲಿ ಮೂವತ್ತೇಳು ವರ್ಷದ ಕೆಲಸ. ಮೊದಲು ಟಪಾಲು ವಿಂಗಡಿಸುವ ಕಡೆ, ಕೊನೆಯ ಹನ್ನೊಂದು ವರ್ಷ ಜಯನಗರದ ಒಂದು ಕಚೇರಿಯ ಕೌಂಟರಿನಲ್ಲಿ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದ ಅರ್ಜಿಗಳು ಯಾವೂ ಸರಿಯಾಗಿ ಭರ್ತಿ ಆಗಿರ್ಲಿಲ್ಲ" ಎನ್ನುತ್ತಿದ್ದರು. ಎರಡನೇ ಸಲ ಕೇಳಿದವರಿಗೆ ಉತ್ತರ ಸಿಗುತ್ತಿರಲಿಲ್ಲ.

ಅವರಿಗೆ ದೇಶ ತಿರುಗುವ ಚಟ ಹತ್ತಿಸಿದವಳು ಸೋಮನಾಥನ ಮಗಳು ಮೇಘಶ್ರೀ. ಜೆ.ಪಿ. ನಗರದ ಯಾವುದೋ ಆಫೀಸಿನಲ್ಲಿ ಡಿಸೈನ್ ಕೆಲಸ ಮಾಡುವ ಹುಡುಗಿ. ಗೆಳತಿಯ ಜೊತೆ ಥಾಯ್ಲೆಂಡಿಗೆ ಹೊರಟಿದ್ದಳು. ಹದಿನೈದು ದಿನ ಇದೆ ಎನ್ನುವಾಗ ಗೆಳತಿ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಳು.

"ಅತ್ತೆ, ನೀನು ಬರ್ತೀಯಾ? ಆದ್ರೆ ಮೊದ್ಲೇ ಹೇಳ್ತೀನಿ, ಹೋಟೆಲ್ ಅಲ್ಲ, ಹಾಸ್ಟೆಲ್. ಒಂದೇ ರೂಮಲ್ಲಿ ಹತ್ತು ಜನ. ಮೇಲೊಂದು ಕೆಳಗೊಂದು ಮಂಚ."

"ತಿಪಟೂರಿನ ಮನೇಲಿ ಹಬ್ಬಕ್ಕೆ ಸೇರಿದ್ರೆ ಒಂದು ಹಜಾರದಲ್ಲಿ ಇಪ್ಪತ್ತೆರಡು ಜನ ಮಲಗ್ತಿದ್ವಿ. ಅರ್ಧ ಜನ ಗೊರಕೆ, ಇನ್ನರ್ಧ ಜನ ಜಗಳ."

"ಇಲ್ಲಿ ಎಲ್ಲಾ ಫಾರಿನರ್ಸು."

"ಗೊರಕೆಗೆ ಯಾವ ಭಾಷೆ?"

ಹೋದರು. ಹಿಡಿಸಿತು. ಏನು ಹಿಡಿಸಿತು ಎಂದು ಮೇಘಶ್ರೀ ಕೇಳಿದಾಗ ಯೋಚಿಸಿ ಉತ್ತರ ಕೊಟ್ಟರು. ಕೌಂಟರಿನ ಕಿಂಡಿಯಲ್ಲಿ ಹನ್ನೊಂದು ವರ್ಷ ಬರೀ ಕೈಗಳನ್ನು ನೋಡಿದ್ದರಂತೆ. ಇಲ್ಲಿ ಕೈಗಳ ಜೊತೆ ಇಡೀ ಮನುಷ್ಯರು ಬರುತ್ತಾರೆ. ಹೆಸರು ಹೇಳುತ್ತಾರೆ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೇನೆ ಎಂದು ಹೇಳುತ್ತಾರೆ. ಮತ್ತೆ ಎಂದೂ ಕಾಣುವುದಿಲ್ಲವಾದ್ದರಿಂದ ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಮುಂದಿನ ವರ್ಷ ಶ್ರೀಲಂಕಾಕ್ಕೆ, ಅದರ ಮುಂದಿನ ವರ್ಷ ಜಾರ್ಜಿಯಾಕ್ಕೆ ಒಬ್ಬರೇ ಹೋದರು. ಬೆನ್ನಿಗೆ ಹಾಕುವ ಚೀಲವನ್ನು ಜಯನಗರ ನಾಲ್ಕನೇ ಬ್ಲಾಕಿನ ಸ್ಕೂಲ್ ಬ್ಯಾಗಿನ ಅಂಗಡಿಯಲ್ಲಿ ಕೊಂಡರು. ಅದರಲ್ಲಿ ಏಳು ಕಿಲೋ ಅಕ್ಕಿ ತುಂಬಿಕೊಂಡು, ಸಿದ್ದಾಪುರದ ಗೇಟಿನಿಂದ ಲಾಲ್‌ಬಾಗಿಗೆ ಹೋಗಿ ಬಂಡೆ ಹತ್ತಿ ಇಳಿದು ಅಭ್ಯಾಸ ಮಾಡಿದರು. ಬನಶಂಕರಿಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದ ಸೋಮನಾಥನಿಗೆ ಇದು ನಾಚಿಕೆಗೇಡು.

"ಅಕ್ಕ, ಗಿರಾಕಿಗಳು ಕೇಳ್ತಾರೆ. ಬೆನ್ನ ಮೇಲೆ ಮೂಟೆ ಹೊತ್ಕೊಂಡು ಸುತ್ತಿದ್ರೆ ಜನ ಏನಂದ್ಕೊಳಲ್ಲ?"

"ಅಕ್ಕಿ ಅಂದ್ಕೊತಾರೆ. ಅಕ್ಕೀನೇ ಇದೆ."

ಎಲ್ಲಿಗೆ ಹೋದರೂ ಒಂದು ನೇಮ ಮಾತ್ರ ಬಿಡಲಿಲ್ಲ. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗ ಗುರುಗಳು ಅಂಗೈಗೆ ಕೊಟ್ಟ ಇಷ್ಟಲಿಂಗ ಅವರ ಕೊರಳಲ್ಲಿತ್ತು. ನಿಂಬೆಹಣ್ಣಿಗಿಂತ ಚಿಕ್ಕದಾದ ಕರಿಯ ಲಿಂಗ, ಅದನ್ನಿಡಲು ಬೆಳ್ಳಿಯ ಕರಡಿಗೆ, ಕರಡಿಗೆಗೆ ಹತ್ತಿಯ ಶಿವದಾರ. ದಿನವೂ ಸ್ನಾನ ಮುಗಿಸಿ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಹದಿನೈದು ನಿಮಿಷ ಅದನ್ನೇ ನೋಡುತ್ತ ಕೂರುವುದು, ಆಮೇಲೆ ತಿಂಡಿ. ಲಿಂಗ ಮೈ ಬಿಟ್ಟು ಇಳಿಯಬಾರದು, ನೆಲ ಮುಟ್ಟಬಾರದು, ಪೂಜೆಯಾಗದೆ ಬಾಯಿಗೆ ಅನ್ನ ಹೋಗಬಾರದು. ಅವರ ಧರ್ಮವೆಲ್ಲ ಇಷ್ಟೇ. ಪ್ರವಚನಗಳಿಗೆ ಹೋಗುವವರಲ್ಲ, ಯಾರಿಗೂ ಉಪದೇಶ ಮಾಡುವವರಲ್ಲ. ಹಾಸ್ಟೆಲಿನ ಮಂಚದಲ್ಲಿ ಪರದೆ ಎಳೆದುಕೊಂಡು ಪೂಜೆ ಮಾಡುತ್ತಿದ್ದರು. ಜಾರ್ಜಿಯಾದಲ್ಲಿ ಒಬ್ಬ ಹುಡುಗಿ ಪರದೆ ಸರಿಸಿ ನೋಡಿ, ಅಜ್ಜಿ ಇಷ್ಟು ಹೊತ್ತು ಅಂಗೈಯಲ್ಲಿ ನೋಡುತ್ತಿರುವುದು ಫೋನೇ ಇರಬೇಕು ಎಂದುಕೊಂಡಿದ್ದಳಂತೆ.

ನಾಲ್ಕನೆಯ ಪ್ರಯಾಣ ವಿಯೆಟ್ನಾಮಿಗೆ. ಆಗ ಅವರಿಗೆ ಅರವತ್ತನಾಲ್ಕು.

ಆ ದೇಶ ಉತ್ತರದಿಂದ ದಕ್ಷಿಣಕ್ಕೆ ಉದ್ದವಾಗಿ ಮಲಗಿದೆ. ಬೆನ್ನುಚೀಲದ ಜನರೆಲ್ಲ ಒಂದೇ ದಾರಿಯಲ್ಲಿ ಸಾಗುತ್ತಾರೆ, ಕೆಲವರು ಕೆಳಕ್ಕೆ, ಕೆಲವರು ಮೇಲಕ್ಕೆ. ನಿನ್ ಬಿನ್ ಎಂಬ ಊರಿನ ಹಾಸ್ಟೆಲಿನಲ್ಲಿ ಕಮಲಾದೇವಿ ನಾಲ್ಕು ದಿನ ಇದ್ದರು. ಸುಣ್ಣಕಲ್ಲಿನ ಬೆಟ್ಟಗಳು, ಅವುಗಳ ನಡುವೆ ನೀರು, ಕಾಲಿನಿಂದ ಹುಟ್ಟು ಹಾಕುವ ಹೆಂಗಸರು. ನಾಲ್ಕು ದಿನವೂ ಮಳೆ. ಅವರ ಮೇಲಿನ ಮಂಚದಲ್ಲಿ ಇನೆಸ್ ಎಂಬ ಪೋರ್ಚುಗಲ್ಲಿನ ಹುಡುಗಿ. ಆಸ್ಪತ್ರೆಯಲ್ಲಿ ನರ್ಸು, ಒಂದು ವರ್ಷ ರಜೆ ಹಾಕಿ ಬಂದವಳು. ಮಾತು ಜಾಸ್ತಿ, ಒದ್ದೆ ಟವೆಲನ್ನು ಕೆಳಗಿನವರ ಮುಖದ ಮೇಲೆ ಜೋಲುಬಿಡುವ ಅಭ್ಯಾಸ. ಮೊದಲ ದಿನವೇ ಬೈಸಿಕೊಂಡಳು, ಎರಡನೇ ದಿನದಿಂದ ಒಟ್ಟಿಗೆ ಓಡಾಡತೊಡಗಿದಳು.

ಮಳೆಗೆ ನೆನೆದು ನೆನೆದು ಶಿವದಾರದ ಎಳೆ ಬಿಟ್ಟಿತು. ಕೊನೆಯ ದಿನ ಮಧ್ಯಾಹ್ನ ಕಮಲಾದೇವಿ ಹೊಸ ದಾರ ಹೊಸೆಯಲು ಕೂತರು. ಹತ್ತಿ ದಾರದ ಉಂಡೆ ಅವರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಹಳೆಯ ದಾರವನ್ನು ಕತ್ತರಿಸಿ, ಹೊಸೆಯುವಷ್ಟು ಹೊತ್ತು ಮಾತ್ರ ಎಂದು ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿಟ್ಟರು. ಹೊಸೆಯುವುದು ಮುಗಿಯಿತು. ಉದ್ದ ಸರಿಯಿದೆಯೇ ಎಂದು ನೋಡಲು ದಾರವನ್ನು ಕೊರಳಿಗೆ ಹಾಕಿಕೊಂಡರು. ಅಷ್ಟರಲ್ಲಿ ಅವರನ್ನು ಮುಂದಿನ ಊರಿಗೆ ಒಯ್ಯಲು ಸಂಜೆ ಆರಕ್ಕೆ ಬರಬೇಕಾದ ಬಸ್ಸು ಐದೂ ಕಾಲಿಗೇ ಬಂದು ಹಾರನ್ ಹೊಡೆಯಿತು. ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಒಟ್ಟಿಗೆ ಎದ್ದರು. ಒಬ್ಬಳು ಅವರ ಚೀಲ ತುಂಬಿದಳು, ಒಬ್ಬಳು ಅವರ ಚಪ್ಪಲಿ ಹುಡುಕಿದಳು, ಇನೆಸ್ ಅವರ ಕೊರಳಿಗೆ ಪಾಸ್‌ಪೋರ್ಟಿನ ಚೀಲ ತೂಗುಹಾಕಿ ಬಾಗಿಲವರೆಗೆ ದಬ್ಬಿಕೊಂಡು ಹೋದಳು. ಸಹಾಯ ಮಾಡುವವರು ಹೆಚ್ಚಾದರೆ ಏನಾಗುತ್ತದೋ ಅದೇ ಆಯಿತು.

ದಾರಿಯುದ್ದಕ್ಕೂ ಕೈ ಆಗಾಗ ಕೊರಳಿಗೆ ಹೋಗುತ್ತಿತ್ತು, ದಾರ ಸಿಗುತ್ತಿತ್ತು. ಎದೆಯ ಮೇಲೆ ಭಾರವೂ ಇತ್ತು. ಅದು ಪಾಸ್‌ಪೋರ್ಟಿನ ಭಾರ. ಮರುದಿನ ಬೆಳಿಗ್ಗೆ ಹುಯೆ ಎಂಬ ಊರಿನ ಹಾಸ್ಟೆಲಿನಲ್ಲಿ ಸ್ನಾನ ಮುಗಿಸಿ, ಮಂಚದ ಮೇಲೆ ಕೂತು, ಕರಡಿಗೆ ತೆಗೆಯಲೆಂದು ದಾರ ಎಳೆದರು. ಪೂರ್ತಿ ದಾರ ಕೈಗೆ ಬಂತು. ತುದಿಯಲ್ಲಿ ಏನೂ ಇರಲಿಲ್ಲ.

ಕಮಲಾದೇವಿ ಚೀರಲಿಲ್ಲ. ಚೀಲವನ್ನು ಎರಡು ಸಲ ಬಿಚ್ಚಿ ನೋಡಿದರು, ಮೂರನೇ ಸಲ ನೋಡುವುದು ಮೂರ್ಖತನ ಎಂದು ನಿಲ್ಲಿಸಿದರು. ಕೆಳಗಿಳಿದು ಬಂದು ಹಾಸ್ಟೆಲ್ ನಡೆಸುವ ಲಾನ್ ಎಂಬ ಹೆಂಗಸಿಗೆ, ತಾವು ತಿಂಡಿ ತಿನ್ನುವುದಿಲ್ಲ ಎಂದು ಹೇಳಿದರು.

"ಹೊಟ್ಟೆ ಸರಿ ಇಲ್ಲವಾ?"

"ಹೊಟ್ಟೆ ಸರಿಯಾಗಿದೆ. ಒಂದು ವಸ್ತು ಹಿಂದೆ ಉಳಿದಿದೆ. ಅದು ಬರೋವರೆಗೆ ಊಟ ಇಲ್ಲ. ನೀರು ಕುಡೀತೀನಿ."

ಲಾನ್‌ಗೆ ಐವತ್ತರ ಆಸುಪಾಸು. ಇಬ್ಬರು ಮಕ್ಕಳನ್ನೂ ಮೂವತ್ತೆರಡು ಮಂಚಗಳನ್ನೂ ಒಬ್ಬಳೇ ನೋಡಿಕೊಳ್ಳುವವಳು. ಅವಳು ಹೆಚ್ಚು ಕೇಳಲಿಲ್ಲ. ನಿನ್ ಬಿನ್‌ಗೆ ಫೋನ್ ಹಚ್ಚಿದಳು. ಮಂಚದ ಹೊದಿಕೆ ಆಗಲೇ ತೊಳೆಯಲು ಹೋಗಿತ್ತು. ದಿಂಬಿನ ಹತ್ತಿರ ಏನೂ ಇರಲಿಲ್ಲವಂತೆ.

ಹಿಂದಕ್ಕೆ ಹೋಗಿ ಹುಡುಕೋಣವೆಂದು ಕಮಲಾದೇವಿ ಟಿಕೆಟ್ ಕೇಳುತ್ತಿರುವಾಗ ಇನೆಸ್‌ಳ ಫೋನ್ ಬಂತು. ಹಿಂದಿನಿಂದ ಬಸ್ಸಿನ ಸದ್ದು.

"ಕಮಲಾ! ನಿನ್ನ ಬೆಳ್ಳಿ ಡಬ್ಬಿ ನನ್ನ ಹತ್ರ ಇದೆ. ನಿನ್ನೆ ರಾತ್ರೀನೇ ಸಿಕ್ತು, ಫೋನ್ ಸತ್ತಿತ್ತು. ನಾನು ಈಗ ಫಾಂಗ್ ನ್ಯಾಗೆ ಹೋಗ್ತಾ ಇದೀನಿ, ಗುಹೆ ನೋಡೋಕೆ. ನಿನ್ನ ದಾರೀಲೇ ಇದೆ. ನಾಳೆ ಸಂಜೆ ಹುಯೆಗೆ ಬಂದು ಕೊಡ್ತೀನಿ."

ಕಮಲಾದೇವಿ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿಟ್ಟಿದೀಯ?"

"ಭದ್ರವಾಗಿದೆ. ನನ್ನ ಸೋಪು, ಬ್ರಷ್ಷಿನ ಚೀಲದಲ್ಲಿ."

"ತೆಗಿ. ಈಗಲೇ ತೆಗಿ."

"ಬಸ್ಸಲ್ಲಿದೀನಿ..."

"ಬಸ್ಸಲ್ಲೇ ತೆಗಿ. ಅದು ಚೀಲದಲ್ಲಿ ಇರೋ ವಸ್ತು ಅಲ್ಲ. ಮೈಮೇಲೆ ಇರಬೇಕು. ಇವತ್ತು ಸ್ನಾನ ಮಾಡಿದೀಯ?"

ಇನೆಸ್ ಗಟ್ಟಿಯಾಗಿ ನಕ್ಕಳು, ಆಸ್ಪತ್ರೆಯ ಹಿರಿಯ ನರ್ಸಿಗೆ ವರದಿ ಒಪ್ಪಿಸುವವಳ ಹಾಗೆ ಹೇಳಿದಳು: "ಮಾಡಿದೀನಿ, ಸಿಸ್ಟರ್. ಆದ್ರೆ ಇದಕ್ಕೆ ದಾರ ಇಲ್ಲ."

"ಗೊತ್ತು. ದಾರ ನನ್ನ ಕೊರಳಲ್ಲಿದೆ."

ಕೊನೆಗೆ ಅವಳ ಚೀಲದಲ್ಲಿ ಬೂಟಿಗೆಂದು ಕೊಂಡ ಹೊಸ ಲೇಸು ಸಿಕ್ಕಿತು. ಇನ್ನೂ ಕಾಗದ ಬಿಚ್ಚಿಲ್ಲ ಎಂದು ಕಮಲಾದೇವಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಇನೆಸ್ ಅದನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು.

"ಕಮಲಾ, ಇದು ನಿನ್ನ ದೇವರಾ?"

"ಹೌದು."

"ಬೆಳಿಗ್ಗೆ ನಾನು ಹಂದಿಮಾಂಸದ ಸೂಪು ತಿಂದೆ. ತಪ್ಪಾಯ್ತಾ?"

ಲಿಂಗ ಬೇರೆಯವರ ಕೈಗೆ ಹೋಗಬಾರದು ಎಂಬುದು ಕಮಲಾದೇವಿಗೆ ಗೊತ್ತಿತ್ತು. ಮಾಂಸ ತಿಂದವರ ಕೊರಳಿಗೆ ಹೋದರೆ ಏನು ಮಾಡಬೇಕು ಎಂದು ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ಆದರೆ ಈಗ ಎದುರಿಗಿದ್ದ ಆಯ್ಕೆ ಎರಡೇ: ಬ್ರಷ್ಷಿನ ಚೀಲ, ಇಲ್ಲವೇ ಆ ಹುಡುಗಿಯ ಎದೆ.

"ತಿಂದಿದ್ದು ತಿಂದಾಯ್ತು. ಕೊರಳಲ್ಲಿ ಇರೋವರೆಗೆ ತಿನ್ನಬೇಡ."

"ಮೊಟ್ಟೆ?"

"ಮೊಟ್ಟೆನೂ ಬೇಡ."

"ಎರಡು ದಿನ! ನಮ್ಮಮ್ಮ ನಂಬಲ್ಲ."

ಕೊರಿಯರ್ ಮಾಡಿಬಿಡಲಾ ಎಂದೂ ಇನೆಸ್ ಕೇಳಿದಳು. ಕಮಲಾದೇವಿ ಒಪ್ಪಲಿಲ್ಲ. ಟಪಾಲಿನ ಚೀಲಗಳನ್ನು ಲಾರಿಗೆ ಹೇಗೆ ಎಸೆಯುತ್ತಾರೆ, ಎಸೆದ ಮೇಲೆ ಅವುಗಳ ಮೇಲೆ ಯಾರು ಕೂತು ಬೀಡಿ ಹಚ್ಚುತ್ತಾರೆ ಎಂಬುದನ್ನು ಅವರು ಮೂವತ್ತೇಳು ವರ್ಷ ನೋಡಿದ್ದರು. ತಾವೇ ಎದ್ದು ಅವಳಿದ್ದ ಕಡೆ ಹೋಗಬಹುದಿತ್ತು. ಆದರೆ ರವಾನೆಯಾದ ವಸ್ತು ದಾರಿಯಲ್ಲಿರುವಾಗ ವಿಳಾಸದಾರ ಮನೆ ಬದಲಿಸಬಾರದು ಎಂಬುದು ಅವರ ಕಸುಬಿನ ಮೊದಲ ಪಾಠ. ಅಲ್ಲಿಯೇ ಕೂತರು.

ಮಧ್ಯಾಹ್ನ ಬನಶಂಕರಿಗೆ ಸುದ್ದಿ ಮುಟ್ಟಿತು. ಸೋಮನಾಥ ಅಂಗಡಿಯಿಂದಲೇ ಫೋನ್ ಮಾಡಿದ. ಹಿಂದೆ ಯಾರೋ ಅರ್ಧ ಇಂಚಿನ ಪೈಪಿಗೆ ಎಲ್ಬೋ ಕೇಳುತ್ತಿದ್ದರು.

"ಅಕ್ಕ, ಹಟ ಮಾಡ್ಬೇಡ. ನಿನಗೆ ಬಿಪಿ ಇದೆ, ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡ್ರೆ ತಲೆ ತಿರುಗತ್ತೆ. ಊಟ ಮಾಡು. ಹೋದ್ರೆ ಹೋಯ್ತು. ಬಂದ ಮೇಲೆ ಅಯ್ಯನೋರನ್ನ ಕರೆಸಿ ಹೊಸ ಲಿಂಗ ಕಟ್ಟಿಸೋಣ."

"ಹೋಗಿಲ್ಲ. ದಾರೀಲಿದೆ."

"ಯಾರ ಹತ್ರ?"

"ಒಬ್ಬಳು ಹುಡುಗಿ ಹಾಕ್ಕೊಂಡಿದಾಳೆ."

ಸೋಮನಾಥ ಎಲ್ಬೋ ಕೇಳುವವನನ್ನು ಗದರಿದ. "ಹಾಕ್ಕೊಂಡಿದಾಳೆ ಅಂದ್ರೆ? ಕೊರಳಿಗಾ? ಅವರು ದನ, ಹಂದಿ ತಿನ್ನೋ ಜನ ಅಕ್ಕ! ಇನ್ನು ಅದು ಲಿಂಗ ಅಂತ ಅನ್ನಿಸ್ಕೊಳತ್ತಾ? ಅದಕ್ಕೋಸ್ಕರ ಉಪವಾಸ ಬೇರೆ!"

ಕಮಲಾದೇವಿ ಫೋನ್ ಇಟ್ಟರು. ತಮ್ಮನ ಮಾತು ತಪ್ಪು ಎಂದು ಅವರಿಗೆ ಅನ್ನಿಸಿರಲಿಲ್ಲ. ಅದೇ ಅವರ ಕಷ್ಟವಾಗಿತ್ತು. ಲಿಂಗ ಕೈಗೆ ಬಂದ ಮೇಲೂ ಅದು ತಮ್ಮದಾಗಿಯೇ ಉಳಿದಿರುತ್ತದೆಯೇ, ಇಲ್ಲವೇ ಬರೀ ಒಂದು ಕರಿಯ ಕಲ್ಲನ್ನು ಕಾಯುತ್ತಿದ್ದೇನೆಯೇ ಎಂಬ ಪ್ರಶ್ನೆ ಹಸಿವಿಗಿಂತ ಹೆಚ್ಚಾಗಿ ಕೊರೆಯಿತು.

ಸಂಜೆ ಮೇಘಶ್ರೀಯ ಫೋನ್. "ಅತ್ತೆ, ಅಪ್ಪ ಇಲ್ಲಿ ಕಥಕ್ಕಳಿ ಆಡ್ತಿದಾರೆ. ನೀನು ಹೆಂಗಿದೀಯ?"

"ಚೆನ್ನಾಗಿದೀನಿ. ನೀರು ಕುಡಿದು ಕುಡಿದು ಹೊಟ್ಟೆ ಕೆರೆ ಆಗಿದೆ."

"ನಾನು ಬರ್ಲಾ?"

"ನೀನು ಬಂದು ಏನ್ ಮಾಡ್ತೀಯ? ನಿನ್ನದನ್ನ ಕೊಡ್ತೀಯಾ? ನೀನೇ ಕಟ್ಕೊಂಡಿಲ್ಲ."

"ಟಚೆ, ಅತ್ತೆ, ಟಚೆ" ಎಂದಳು ಮೇಘಶ್ರೀ. ಹಾಗೆಂದರೇನೆಂದು ಕಮಲಾದೇವಿ ಕೇಳಲಿಲ್ಲ, ಸೋತಾಗ ಅವಳು ಹಾಗೆ ಅನ್ನುತ್ತಾಳೆಂದು ಗೊತ್ತಿತ್ತು.

ಎರಡನೆಯ ದಿನ ಫಾಂಗ್ ನ್ಯಾದಲ್ಲಿ ಹೊಳೆ ಉಕ್ಕಿ ರಸ್ತೆ ಮುಚ್ಚಿತು. ಬಸ್ಸುಗಳಿಲ್ಲ. ಇನೆಸ್ ಗಂಟೆಗೊಮ್ಮೆ ಫೋಟೋ ಕಳಿಸುತ್ತಿದ್ದಳು: ಕೆಸರು ನೀರು, ಅವಳ ತಟ್ಟೆಯಲ್ಲಿ ಬಾಳೆಹಣ್ಣು ಮತ್ತು ಬ್ರೆಡ್ಡು, ಅಂಗಿಯ ಮೇಲೆ ಬೆಳ್ಳಿ ಕರಡಿಗೆ. ಹುಯೆಯಲ್ಲಿ ಕಮಲಾದೇವಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳತೊಡಗಿದರು. ಅವರ ಕೋಣೆಯ ಹುಡುಗಿಯರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಬಿಸ್ಕತ್ತಿನ ಪೊಟ್ಟಣವನ್ನು ಹೊರಗೆ ಹೋಗಿ ಬಿಚ್ಚುತ್ತಿದ್ದರು. ಲಾನ್ ಅವರನ್ನು ಮಹಡಿಯಿಂದ ಇಳಿಸಿ ತನ್ನ ಕೋಣೆಯ ಪಕ್ಕದ ಮಂಚ ಕೊಟ್ಟಳು. ಬೆಳಿಗ್ಗೆ ಎದ್ದರೆ ಕಮಲಾದೇವಿ ಅಭ್ಯಾಸದಂತೆ ಸ್ನಾನ ಮಾಡುತ್ತಿದ್ದರು, ಎಡಗೈ ಚಾಚಿ ಕೂರುತ್ತಿದ್ದರು. ಬರಿಗೈಯನ್ನು ನೋಡುತ್ತ ಹದಿನೈದು ನಿಮಿಷ ಕಳೆಯುವುದು ಎಷ್ಟು ದೀರ್ಘ ಎಂದು ಅವರಿಗೆ ಆಗ ತಿಳಿಯಿತು. ಕೈಯಲ್ಲಿ ಗೆರೆಗಳಿದ್ದವು, ಅಷ್ಟೆ.

ಆ ದಿನ ಸಂಜೆ ಇನೆಸ್ ಹೇಳಿದಳು: "ನಾನು ನಾಳೆ ಲಾವೋಸಿಗೆ ದಾಟಬೇಕು, ವೀಸಾ ಮುಗೀತಿದೆ. ಹೆದರಬೇಡ. ಇಲ್ಲೊಬ್ರು ಸಿಕ್ಕಿದಾರೆ. ಮೊರಿತಾ ಅಂತ, ಜಪಾನಿನವರು, ಅರವತ್ತೆಂಟು ವರ್ಷ. ಬೆಳಿಗ್ಗೆ ರಸ್ತೆ ತೆರೀತಾರಂತೆ, ಮೊದಲ ಬಸ್ಸಿಗೆ ಹುಯೆಗೇ ಬರ್ತಿದಾರೆ. ನಾನು ಎರಡು ದಿನ ಎಲ್ಲರನ್ನೂ ನೋಡಿದೆ ಕಮಲಾ. ಈ ಹಾಸ್ಟೆಲಲ್ಲಿ ತಟ್ಟೆ ತೊಳೆದು ಒರೆಸಿ ಇಡೋರು ಅವರೊಬ್ರೇ."

"ಗಂಡಸರಾ?"

"ಅದು ತೊಂದ್ರೇನಾ?"

ತೊಂದರೆಯೇನಲ್ಲ ಎಂದರು ಕಮಲಾದೇವಿ. ಲಿಂಗಕ್ಕೆ ಅಂಥ ಭೇದವಿಲ್ಲ. ಏಳು ಗಂಟೆಯ ಹೊತ್ತಿಗೆ ಇನೆಸ್ ಮತ್ತೆ ಫೋನ್ ಮಾಡಿದಳು. ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೊರಿತಾಗೆ ಕೊಟ್ಟಳಂತೆ. ತನ್ನ ಕೊರಳಿಂದ ತೆಗೆದು ನೇರ ಅವರ ಕೊರಳಿಗೆ ಹಾಕಿದಳಂತೆ, ನಡುವೆ ಮೇಜಿನ ಮೇಲೆ ಕೂಡ ಇಡಲಿಲ್ಲವಂತೆ. ಇದನ್ನು ಹೇಳುವಾಗ ಆ ಬಾಯಿಬಡುಕಿಯ ದನಿ ಗಂಭೀರವಾಗಿತ್ತು. ಕಮಲಾದೇವಿಗೆ ಅವಳನ್ನು ಹೊಗಳಬೇಕೆನಿಸಿತು. "ಟವೆಲು ಸರಿಯಾಗಿ ಒಣಗಿಹಾಕು" ಎಂದರು. "ಸರಿ, ಸಿಸ್ಟರ್" ಎಂದು ಇನೆಸ್ ಫೋನಿನಲ್ಲೇ ಮುತ್ತು ಕೊಟ್ಟಳು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಳೆಗವಚ ತೊಟ್ಟ ಒಬ್ಬ ಕುಳ್ಳ ಮುದುಕರು ಹಾಸ್ಟೆಲಿನ ಬಾಗಿಲಲ್ಲಿ ನಿಂತು ಬೂಟು ಕಳಚಿದರು. ಬೂಟುಗಳನ್ನು ಜೋಡಿಸಿ ಇಟ್ಟು ಒಳಗೆ ಬಂದರು. ಮಳೆಗವಚದ ಮೇಲೆ ಎಲ್ಲರಿಗೂ ಕಾಣುವ ಹಾಗೆ, ಕಿತ್ತಳೆ ಬಣ್ಣದ ಬೂಟ್ ಲೇಸಿನಲ್ಲಿ, ಬೆಳ್ಳಿ ಕರಡಿಗೆ ತೂಗುತ್ತಿತ್ತು.

"ಮಿಸೆಸ್ ಕಮಲಾ?"

ಕಮಲಾದೇವಿ ಎದ್ದು ನಿಂತರು. ಮಿಸೆಸ್ ಅಲ್ಲ ಎಂದು ತಿದ್ದುವ ಹೊತ್ತಲ್ಲ ಅದು. ಕೈ ಚಾಚಿದರು.

ಮೊರಿತಾ ಕರಡಿಗೆಯನ್ನು ಮುಟ್ಟಲಿಲ್ಲ. ಜೇಬಿನಿಂದ ಇನೆಸ್ ಬರೆದ ಹಾಳೆ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಒಡತಿಯೇ ತೆಗೆಯಬೇಕು, ನೀವು ತೆಗೆಯಬಾರದು ಎಂದಿತ್ತು. ಅದು ಕಮಲಾದೇವಿ ಹೇಳಿದ್ದಲ್ಲ. ಇನೆಸ್ ತಾನೇ ಸೇರಿಸಿದ ನಿಯಮ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟು, ಮೊರಿತಾ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಹಾಗೆಯೇ ನಿಂತರು.

ಕಮಲಾದೇವಿ ತಮ್ಮ ಅರವತ್ತನಾಲ್ಕು ವರ್ಷಗಳಲ್ಲಿ ಯಾವ ಗಂಡಸಿನ ಕೊರಳಿಗೂ ಕೈ ಹಾಕಿದವರಲ್ಲ. ಹಾರ ಹಾಕಲೂ ಇಲ್ಲ, ತೆಗೆಯಲೂ ಇಲ್ಲ. ಲಾನ್ ನೋಡುತ್ತಿದ್ದಳು, ಚಹಾ ಕುಡಿಯುತ್ತಿದ್ದ ಇಬ್ಬರು ಹುಡುಗರು ನೋಡುತ್ತಿದ್ದರು. ಬಗ್ಗಿದ ಆ ತಲೆಯ ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು, ಕತ್ತಿನ ಹಿಂದೆ ಮಳೆಯ ಹನಿಗಳಿದ್ದವು. ಕಮಲಾದೇವಿ ಎರಡೂ ಕೈಗಳಿಂದ ಲೇಸನ್ನು ಹಿಡಿದು, ಕಿವಿಗೆ ತಾಗದ ಹಾಗೆ, ನಿಧಾನವಾಗಿ ಎತ್ತಿದರು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎರಡೂವರೆ ದಿನದ ಉಪವಾಸಕ್ಕೆ ಕೈ ನಿಧಾನವಾಗಿತ್ತು ಎಂದೇ ಆಮೇಲೂ ಹೇಳುತ್ತಿದ್ದರು.

ಒಳಗೆ ಹೋಗಿ ಲೇಸು ಬಿಚ್ಚಿ, ತಮ್ಮ ಕೊರಳಲ್ಲಿದ್ದ ದಾರಕ್ಕೆ ಕರಡಿಗೆಯನ್ನು ಪೋಣಿಸಿದರು. ಕರಡಿಗೆ ತೆರೆದು ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡರು. ಅದು ಬೆಚ್ಚಗಿತ್ತು. ಬೇರೆಯವರ ಮೈಯ ಬಿಸಿ ಇನ್ನೂ ಆರಿರಲಿಲ್ಲ. ಎರಡು ದಿನ ಕೊರೆದ ಪ್ರಶ್ನೆ ನೆನಪಾಯಿತು. ಇದು ನನ್ನದೇ ಹೌದೇ ಎಂದು ನೋಡಿದರು. ನೋಡುತ್ತ ನೋಡುತ್ತ ಪ್ರಶ್ನೆಯ ಅರ್ಥವೇ ತಿಳಿಯದಾಯಿತು. ಹದಿನೈದು ನಿಮಿಷದ ಪೂಜೆಗೆ ಅಂದು ಮುಕ್ಕಾಲು ಗಂಟೆ ಹಿಡಿಯಿತು.

ಹೊರಗೆ ಬಂದಾಗ ಲಾನ್ ಮೇಜಿನ ಮೇಲೆ ಅಕ್ಕಿ ಗಂಜಿಯ ಪಾತ್ರೆ ಇಟ್ಟಿದ್ದಳು. ಎರಡು ಬಟ್ಟಲು. ಎದುರಿನ ಕುರ್ಚಿಯಲ್ಲಿ ಮೊರಿತಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಇವರೂ ನಿನ್ನೆ ಸಂಜೆಯಿಂದ ತಿಂದಿಲ್ಲ" ಎಂದಳು ಲಾನ್. "ಬಂದಾಗ ನೂಡಲ್ಸ್ ಕೊಡಲಾ ಅಂದೆ. ಆಕೆ ತಿಂದ್ರಾ ಅಂತ ಕೇಳಿದ್ರು. ಇಲ್ಲ ಅಂದೆ. ಹಾಗಾದ್ರೆ ಆಮೇಲೆ ಅಂದ್ರು."

"ನೀವ್ಯಾಕೆ? ಹಾಳೆಯಲ್ಲಿ ಮಾಂಸ ಬೇಡ ಅಂತ ಮಾತ್ರ ಇತ್ತಲ್ಲ?"

ಮೊರಿತಾಗೆ ಇಂಗ್ಲಿಷ್ ಕಡಮೆ. ಪದಗಳನ್ನು ಒಂದೊಂದಾಗಿ ಹುಡುಕಿದರು. "ನಾನು ಬಸ್ ಡ್ರೈವರ್. ನಲವತ್ತೊಂದು ವರ್ಷ. ಪ್ಯಾಸೆಂಜರ್ ಇಳಿಯಬೇಕು. ಆಮೇಲೆ ಡ್ರೈವರ್ ಊಟ."

ಇದು ಕಮಲಾದೇವಿಗೆ ಅರ್ಥವಾಗುವ ಮಾತು. ಅವರು ಸೌಟು ತೆಗೆದುಕೊಂಡು ಮೊದಲು ಮೊರಿತಾರ ಬಟ್ಟಲಿಗೆ ಗಂಜಿ ಬಡಿಸಿದರು, ಆಮೇಲೆ ತಮಗೆ. ಎರಡನೇ ಸಲ ಬಡಿಸುವಾಗ ಮೊರಿತಾ ಬೇಡವೆಂದು ಕೈ ಅಡ್ಡ ಹಿಡಿದರು. "ಸುಮ್ನಿರಿ, ಒಂದ್ ಸ್ವಲ್ಪ" ಎಂದರು ಕಮಲಾದೇವಿ ಕನ್ನಡದಲ್ಲೇ. ಮೊರಿತಾ ಕೈ ತೆಗೆದರು.

ಆಮೇಲೆ ಇಬ್ಬರೂ ಎರಡು ದಿನ ಹುಯೆಯ ಹಳೆಯ ಕೋಟೆಯಲ್ಲಿ ಒಟ್ಟಿಗೆ ತಿರುಗಿದರು. ಒಟ್ಟು ನೂರು ಮಾತು ಆಡಿದ್ದರೆ ಹೆಚ್ಚು. ಮೊರಿತಾ ಬಸ್ಸು ಕಂಡಲ್ಲೆಲ್ಲ ನಿಂತು ಟೈರು ನೋಡುತ್ತಿದ್ದರು, ಕಮಲಾದೇವಿ ಅಂಚೆ ಡಬ್ಬಿ ಕಂಡಲ್ಲೆಲ್ಲ ನಿಂತು ಟಪಾಲು ತೆಗೆಯುವ ವೇಳೆ ಓದುತ್ತಿದ್ದರು. ಒಬ್ಬರು ನಿಂತಾಗ ಇನ್ನೊಬ್ಬರು ಕಾದರು.

ಬೆಂಗಳೂರಿಗೆ ಮರಳಿದ ನಾಲ್ಕನೇ ದಿನ ಸೋಮನಾಥ ಸಂಜೀವಯ್ಯನವರನ್ನು ಮನೆಗೆ ಕರೆಸಿದ. ಪಕ್ಕದ ಬಡಾವಣೆಯ ಮಠದ ಅಯ್ಯನವರು, ಮನೆಯ ಎಲ್ಲ ಕಾರ್ಯಗಳಿಗೂ ಬರುವವರು. ಹೆಲ್ಮೆಟ್ ತೆಗೆದು ಕೂತು ಕಾಫಿ ತೆಗೆದುಕೊಂಡರು. ಹೆಗಲ ಚೀಲದಲ್ಲಿ ಹೊಸ ಲಿಂಗ, ಹೊಸ ದಾರ ಎರಡೂ ಇದ್ದವು.

"ತಾಯಿ, ನಿಯಮ ಅಂತ ನೋಡಿದ್ರೆ ಹೊಸದು ಧಾರಣೆ ಮಾಡಿಸ್ಕೊಳ್ಳೋದು ಒಳ್ಳೇದು. ಹಳೇದನ್ನ ಹೊಳೆಗೆ ಬಿಡೋದು. ಬೇರೆಯವರ ಮೈಮೇಲೆ ಇತ್ತಂತಲ್ಲ."

"ಇತ್ತು, ಅಯ್ಯನವರೇ. ಇಬ್ಬರ ಮೈಮೇಲೆ."

"ಮಾಂಸ ತಿನ್ನೋರು" ಎಂದ ಸೋಮನಾಥ.

ಕಮಲಾದೇವಿ ವಾದಕ್ಕೆ ಹೋಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬ್ರಷ್ಷಿನ ಚೀಲವನ್ನೂ ಬಿಡಲಿಲ್ಲ, ಹಂದಿಮಾಂಸದ ಸೂಪನ್ನೂ ಬಿಡಲಿಲ್ಲ. ಸಂಜೀವಯ್ಯನವರ ಕಾಫಿ ಆರಿತು.

"ಆ ಜಪಾನಿನವರು ಎಷ್ಟು ಹೊತ್ತು ಧರಿಸಿದ್ರು?"

"ಸುಮಾರು ಹದಿನಾರು ಗಂಟೆ."

"ಏನೂ ತಿನ್ನದೆ?"

"ನೀರು ಕುಡಿದಿದ್ರಂತೆ."

ಸಂಜೀವಯ್ಯನವರು ಲೋಟ ಕೆಳಗಿಟ್ಟು ಸೋಮನಾಥನ ಕಡೆ ತಿರುಗಿದರು. "ನೀವು ಕಟ್ಕೊಂಡಿದೀರಾ?"

ಸೋಮನಾಥನ ಕೈ ಎದೆಗೆ ಹೋಯಿತು. ಅಲ್ಲಿ ಪೆನ್ನಿತ್ತು. "ದೇವರ ಮನೇಲಿದೆ, ಅಯ್ಯನೋರೆ. ಅಂಗಡೀಲಿ ಪೈಪು ಎತ್ತೋದು, ಇಳಿಸೋದು, ಬೆವರು..."

"ಅಪ್ಪ, ನಾನು ಹುಟ್ಟಿದಾಗಿಂದ ಅದು ಮೊಳೆ ಮೇಲೇ ಇದೆ" ಎಂದಳು ಮೇಘಶ್ರೀ ಫೋನಿನಿಂದ ತಲೆ ಎತ್ತದೆ.

"ನೀನು ಸುಮ್ನಿರೇ!"

ಅಯ್ಯನವರು ನಗಲಿಲ್ಲ. ಚೀಲಕ್ಕೆ ಕೈ ಹಾಕಿ ಹೊಸ ದಾರವನ್ನು ಮಾತ್ರ ತೆಗೆದು ಸೋಮನಾಥನ ಮುಂದೆ ಇಟ್ಟರು. ಆಮೇಲೆ ಕಮಲಾದೇವಿಗೆ ಹೇಳಿದರು: "ನಿಮ್ಮದು ನಿಮ್ಮ ಹತ್ರಾನೇ ಇರ್ಲಿ ತಾಯಿ. ಹೊಳೆಗೆ ಬಿಡಿ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಮಠದಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಮಾತ್ರ ಹೇಳ್ಬೇಡಿ."

ಮರುದಿನ ಬೆಳಿಗ್ಗೆ ಕಮಲಾದೇವಿ ಸ್ನಾನ ಮುಗಿಸಿ ಮಹಡಿಯ ಕೋಣೆಯಲ್ಲಿ ಚಾಪೆ ಹಾಕಿ ಕೂತಿದ್ದರು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಸೋಮನಾಥ ಬಾಗಿಲಲ್ಲಿ ನಿಂತ. ಒದ್ದೆ ತಲೆ, ಹಣೆಯ ಮೇಲೆ ಸೊಟ್ಟಗೆ ಎಳೆದ ವಿಭೂತಿ, ಮುಷ್ಟಿಯಲ್ಲಿ ಏನೋ ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಎಷ್ಟ್ ಹೊತ್ತು ನೋಡ್ಬೇಕು ಅಕ್ಕ? ಮರೆತೇ ಹೋಗಿದೆ."

ಅವನಿಗೆ ಹೇಳಬಹುದಾದ ಮಾತುಗಳು ಕಮಲಾದೇವಿಯ ನಾಲಿಗೆಯ ಮೇಲೆ ನಾಲ್ಕೈದು ಇದ್ದವು, ಎಲ್ಲವೂ ಚೆನ್ನಾಗಿದ್ದವು. ಅವನ್ನು ಬಿಟ್ಟು, ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಉಪ್ಪಿಟ್ಟು ಆರುತ್ತಿದೆ ಎಂದು ಮೇಘಶ್ರೀ ಕೆಳಗಿನಿಂದ ಎರಡು ಸಲ ಕೂಗಿದಳು. ಇಬ್ಬರೂ ಏಳಲಿಲ್ಲ.